ಗ್ರೀನ್ ಕಾರ್ಡ್ ಬರುವವರೆಗೆ ಬಂದೂಕು ಮುಟ್ಟಬೇಡಿ

ಆಯುಧ ಪೂಜೆ ದಿನ ದಾವಣಗೆರೆ ಮನೆಯಲ್ಲಿ ಎಲ್ಲರೂ ಸೇರಿ ಟೆಕ್ಸಾಸ್‌ನಲ್ಲಿರುವ ಅಕ್ಕನ ಮಗಳಿಗೆ ವಿಡಿಯೋ ಕಾಲ್ ಮಾಡಿದ್ದೆವು. ಅಲ್ಲೂ ಪೂಜೆ ನಡೆದಿತ್ತು. ಕಾರಿನ ಕೀ, ಮಿಕ್ಸಿ, ಲ್ಯಾಪ್‌ಟಾಪ್, ಪಕ್ಕದಲ್ಲಿ ಅಳಿಯನ ಪಿಸ್ತೂಲು. "ಅದಕ್ಕೂ ನೀನೇ ಕುಂಕುಮ ಹಚ್ಚವ್ವ" ಅಂದೆ. ಅವಳು ಕೈ ಮುಂದೆ ಮಾಡಿದಳು. ಅಳಿಯ ತಕ್ಷಣ, "ಬೇಡ ಅತ್ತೆ, ಅವಳು ಅದನ್ನ ಮುಟ್ಟೋ ಹಾಗಿಲ್ಲ" ಅಂದರು.

ಅಕ್ಕನಿಗೆ ಬೇಜಾರಾಯಿತು. ಚನ್ನಗಿರಿ ಹತ್ತಿರದ ತೋಟದಲ್ಲಿ ನಮ್ಮಜ್ಜ ಹಂದಿ ಕಾಟಕ್ಕೆ ಅಂತ ಲೈಸೆನ್ಸ್ ತೆಗೆದುಕೊಂಡು ಬಂದೂಕು ಇಟ್ಟಿದ್ದರು, ಚುನಾವಣೆ ಬಂದರೆ ಠಾಣೆಗೆ ಒಪ್ಪಿಸಿ ಬರುತ್ತಿದ್ದರು, ಆದರೆ ಪೂಜೆ ದಿನ ಅದಕ್ಕೆ ಕುಂಕುಮ ಹಚ್ಚುತ್ತಿದ್ದದ್ದು ಅಜ್ಜಿಯೇ. ಗಂಡನ ವಸ್ತು ಹೆಂಡತಿ ಮುಟ್ಟಬಾರದಾ ಅಂತ ನನಗೂ ಅನ್ನಿಸಿತು. ಆಮೇಲೆ ಕೂತು ಓದಿದೆ. ಅಳಿಯ ಹೇಳಿದ್ದೇ ಸರಿ.

ಅವಳು ಹೋಗಿದ್ದು ಕೆ-1 ವೀಸಾದಲ್ಲಿ, ಅಂದರೆ ಅಮೆರಿಕದ ಪ್ರಜೆಯನ್ನು ಮದುವೆಯಾಗಲು ಹೋಗುವವರ ವೀಸಾ. ಹೋಗಿ 90 ದಿನದೊಳಗೆ ಮದುವೆಯಾಗಬೇಕು, ಆಮೇಲೆ ಐ-485 ಅನ್ನೋ ಅರ್ಜಿ ಹಾಕಿ ಗ್ರೀನ್ ಕಾರ್ಡ್‌ಗೆ, ಅಂದರೆ ಅಲ್ಲಿ ಕಾಯಂ ಆಗಿ ಇರಲು ಕೊಡುವ ಕಾರ್ಡಿಗೆ, ಕಾಯಬೇಕು. ಅಲ್ಲಿನ ಕಾನೂನಿನಲ್ಲಿ ಇದು ತಾತ್ಕಾಲಿಕ ವೀಸಾ. 1968ರ ಬಂದೂಕು ಕಾಯ್ದೆಗೆ ಆಮೇಲೆ ಆದ ತಿದ್ದುಪಡಿಯ ಪ್ರಕಾರ ಇಂಥ ವೀಸಾದಲ್ಲಿ ಬಂದವರು ಬಂದೂಕಾಗಲಿ ಗುಂಡಾಗಲಿ ಇಟ್ಟುಕೊಳ್ಳುವಂತಿಲ್ಲ. ಮದುವೆ ಆಯ್ತು, ಅರ್ಜಿ ಹಾಕಿದ್ದಾಯ್ತು, ಕೆಲಸದ ಪರ್ಮಿಟ್ಟೂ ಬಂತು, ಇನ್ನೇನು ಅಂದುಕೊಳ್ಳಬೇಡಿ. ಕಾರ್ಡ್ ಮಂಜೂರಾಗುವವರೆಗೆ ಏನೂ ಬದಲಾಗುವುದಿಲ್ಲ. ಗಂಡನ ಕೆಲಸದ ವೀಸಾದ ಮೇಲೆ ಹೆಂಡತಿಗೆ ಸಿಗುವ ಎಚ್-4 ವೀಸಾದಲ್ಲಿ ಹೋದವರಿಗೂ ಇದೇ ನಿಯಮ. ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ, ಆದರೆ ಅದನ್ನು ನಂಬಿಕೊಳ್ಳುವ ಮೊದಲು ವಕೀಲರನ್ನು ಕೇಳಿ.

ಮದುವೆ ಮೊದಲೇ ಆಗಿ, ವಲಸೆ ವೀಸಾದಲ್ಲಿ ಹೋದವರ ಕಥೆ ಬೇರೆ. ಅವರು ಗಡಿ ದಾಟಿ ಒಳಗೆ ಹೋದ ದಿನವೇ ಕಾಯಂ ನಿವಾಸಿ. ಎರಡು ವರ್ಷದ ಷರತ್ತಿನ ಕಾರ್ಡ್ ಆದರೂ ಈ ಅಡ್ಡಿ ಇಲ್ಲ, ರಾಜ್ಯದ ನಿಯಮ ಮಾತ್ರ ನೋಡಿಕೊಳ್ಳಬೇಕು.

ನನಗೆ ಜಾಸ್ತಿ ಹೆದರಿಕೆ ಆಗಿದ್ದು ಇನ್ನೊಂದು ವಿಷಯಕ್ಕೆ. ಬಂದೂಕು ಯಾರ ಹೆಸರಲ್ಲಿದೆ ಅನ್ನೋದಷ್ಟೇ ಮುಖ್ಯ ಅಲ್ಲ, ಯಾರ ವಶದಲ್ಲಿದೆ ಅಂತ ನೋಡುತ್ತಾರೆ. ಕೈಯಲ್ಲಿ ಹಿಡಿಯದಿದ್ದರೂ ಸೇಫಿನ ನಂಬರ್ ಗೊತ್ತಿದ್ದು, ಬೇಕಾದಾಗ ತೆಗೆಯುವ ಹಾಗಿದ್ದರೆ ಅವಳ ವಶದಲ್ಲೂ ಇತ್ತು ಅಂತ ವಾದ ಬರಬಹುದು. ಶೂಟಿಂಗ್ ರೇಂಜಿನಲ್ಲಿ ಸುಮ್ನೆ ಎರಡು ಗುಂಡು ಹಾರಿಸಿದರೂ ಅದೇ. ವಿದ್ಯಾರ್ಥಿ ವೀಸಾ ಕಳೆದುಕೊಂಡ ಒಬ್ಬ ಹುಡುಗ ಫ್ಲೋರಿಡಾದಲ್ಲಿ ಹಾಗೆ ರೇಂಜಿಗೆ ಹೋಗಿ ಕೇಸಿಗೆ ಸಿಕ್ಕ, ಅದು 2019ರಲ್ಲಿ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. 2022ರಿಂದ ಈ ತಪ್ಪಿಗೆ 15 ವರ್ಷದವರೆಗೆ ಜೈಲು ಇದೆ, ಮೇಲೆ ಗಡಿಪಾರಿನ ಭಯ. ಇಷ್ಟು ವರ್ಷ ಕಾಯ್ದ ಕಾರ್ಡ್ ಒಂದು ಫೋಟೋಗೋಸ್ಕರ ಹೋಗಬೇಕಾ?

ಅಲ್ಲಿರುವ ಅಳಿಯಂದಿರಿಗೆ ನನ್ನ ಕೋರಿಕೆ ಇಷ್ಟೇ. ಬಂದೂಕನ್ನು ಸೇಫಿನಲ್ಲಿಡಿ, ನಂಬರ್ ನಿಮಗೆ ಮಾತ್ರ ಗೊತ್ತಿರಲಿ. ಹೆಂಡತಿಯನ್ನು ರೇಂಜಿಗೆ ಕರೆದುಕೊಂಡು ಹೋಗುವುದು ಕಾರ್ಡ್ ಬಂದ ಮೇಲೆ ಇಟ್ಟುಕೊಳ್ಳಿ.

ಅಕ್ಕನಿಗೆ ಇದನ್ನೆಲ್ಲ ಬಿಡಿಸಿ ಹೇಳಿದೆ. ಈಗ ಫೋನ್ ಮಾಡಿದಾಗೆಲ್ಲ "ಕಾರ್ಡ್ ಬಂತೇನೆ?" ಅಂತ ಕೇಳಿ, ಹಿಂದೆಯೇ "ಆ ಸೇಫಿನ ನಂಬರ್ ನಿಂಗೆ ಗೊತ್ತಿಲ್ಲ ತಾನೆ?" ಅಂತಲೂ ಕೇಳುತ್ತಾಳೆ.