ಔಷಧಿ ಹೊಡೆಯದೆ ಬೆಳೆ ಬರುತ್ತದೆಯೇ?

ಬರುತ್ತದೆ. ಇಷ್ಟೇ ಉತ್ತರ ಬೇಕಿದ್ದವರು ಇಲ್ಲಿಗೇ ನಿಲ್ಲಿಸಬಹುದು. ಆದರೆ ಈ ಪ್ರಶ್ನೆ ಕೇಳುವವರು ಯಾರೂ ಈ ಉತ್ತರಕ್ಕೆ ಸುಮ್ಮನಾಗುವುದಿಲ್ಲ ಎಂಬುದು ಇಷ್ಟು ವರ್ಷಗಳಲ್ಲಿ ನನಗೆ ಗೊತ್ತಾಗಿದೆ. ಹೊಲದ ಬದುವಿನ ಮೇಲೆ ನಿಂತು ಕೇಳುತ್ತಾರೆ, ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತು ಕೇಳುತ್ತಾರೆ, ರಾತ್ರಿ ಊಟದ ಹೊತ್ತಿಗೆ ಫೋನ್ ಮಾಡಿ ಕೇಳುತ್ತಾರೆ. ಕೇಳುವಾಗಲೇ ಅವರ ಮುಖದಲ್ಲಿ ಉತ್ತರ ಸಿದ್ಧವಾಗಿರುತ್ತದೆ: ಬರುವುದಿಲ್ಲ, ಯಾರಿಗೂ ಕಾಣದ ಹೊತ್ತಿನಲ್ಲಿ ನೀವೂ ಹೊಡೆಯುತ್ತೀರಿ. ಹಾಗೆಂದು ಬಾಯಿಬಿಟ್ಟು ಅಂದವರೂ ಇದ್ದಾರೆ. ಹೇಳಿ ಹೇಳಿ ಗಂಟಲು ಸೋತಿದೆ. ಇನ್ನು ಮುಂದೆ ಕೇಳಿದವರ ಕೈಗೆ ಇದನ್ನು ಕೊಡುತ್ತೇನೆ.

ಮೊದಲು ಆ ಪದದ ಮೇಲೆಯೇ ನನ್ನ ತಕರಾರು. ಔಷಧಿ ಎನ್ನುತ್ತೀರಲ್ಲ, ಯಾರಿಗೆ ಔಷಧಿ? ಹುಳವನ್ನು ಕೊಲ್ಲಲು ಹೊಡೆಯುವುದು ವಿಷ. ವಿಷಕ್ಕೂ ಒಂದು ಕೆಲಸವಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಔಷಧಿ ಎಂದು ಕರೆದ ಕೂಡಲೇ ಕೈ ಧಾರಾಳವಾಗುತ್ತದೆ. ಒಂದು ಮುಚ್ಚಳ ಹಾಕುವಲ್ಲಿ ಎರಡು ಮುಚ್ಚಳ ಬೀಳುತ್ತದೆ. ಹುಳ ಕಾಣದಿದ್ದರೂ ಮುಂಜಾಗ್ರತೆಗೆ ಇರಲಿ ಎಂದು ಒಂದು ಸುತ್ತು ಹೊಡೆದು ಬರುತ್ತೇವೆ. ವಿಷ ಎಂದೇ ಕರೆದಿದ್ದರೆ ಯಾರಾದರೂ ಮುಂಜಾಗ್ರತೆಗೆ ಹಾಕುತ್ತಿದ್ದರೇ?

ಈ ಗೊಂದಲ ನಮ್ಮ ಮಾತಿನಲ್ಲಿ ಮಾತ್ರ ಇರುವುದಲ್ಲ. ಡಿಡಿಟಿ ಎಂಬ ರಾಸಾಯನಿಕಕ್ಕೆ ಕೀಟಗಳನ್ನು ಕೊಲ್ಲುವ ಶಕ್ತಿಯಿದೆ ಎಂದು ಸ್ವಿಟ್ಜರ್ಲೆಂಡಿನ ರಸಾಯನಶಾಸ್ತ್ರಜ್ಞ ಪೌಲ್ ಮ್ಯೂಲರ್ 1939ರಲ್ಲಿ ಕಂಡುಕೊಂಡರು. 1948ರಲ್ಲಿ ಅದಕ್ಕೆ ನೊಬೆಲ್ ಬಂತು, ಅದೂ ವೈದ್ಯಕೀಯ ವಿಭಾಗದಲ್ಲಿ. ಟೈಫಸ್, ಮಲೇರಿಯಾ ಹರಡುವ ಹೇನು, ಸೊಳ್ಳೆಗಳನ್ನು ಕೊಂದು ಅದು ಲಕ್ಷಾಂತರ ಜೀವ ಉಳಿಸಿತು, ಸುಳ್ಳಲ್ಲ. ಆದರೆ ಬಹುಮಾನ ಕೈಸೇರುವ ಹೊತ್ತಿಗಾಗಲೇ ಸ್ವೀಡನ್ನಿನ ಮನೆನೊಣಗಳು ಡಿಡಿಟಿಗೆ ಜಗ್ಗದಂತಾಗಿದ್ದವು. ಇಂದು ಒಂದಲ್ಲ ಒಂದು ಕೀಟನಾಶಕಕ್ಕೆ ಜಗ್ಗದ ಕೀಟ ಮತ್ತು ನುಸಿಗಳ ಜಾತಿಗಳೇ 500ಕ್ಕಿಂತ ಹೆಚ್ಚು. ಹೊಡೆದಷ್ಟೂ, ಸಾಯದೆ ಉಳಿದವುಗಳ ಸಂತಾನವೇ ಹೊಲದಲ್ಲಿ ಬೆಳೆಯುತ್ತದೆ. 'ಮೊದಲಿನ ಹಾಗೆ ಈಗಿನ ಔಷಧಿ ಕೆಲಸ ಮಾಡುವುದಿಲ್ಲ' ಎಂದು ಗೊಣಗುವವರು ಹೇಳುತ್ತಿರುವುದು ಇದನ್ನೇ.

ಒಬ್ಬರು ಹಿರಿಯ ರೈತರು ಬಂದಿದ್ದರು. ಬಂದವರು ಕುಳಿತುಕೊಳ್ಳದೆಯೇ ಇದೇ ಪ್ರಶ್ನೆ ಕೇಳಿದರು. ಆ ದಿನ ನನಗೆ ಮಾತು ಬೇಡವಾಗಿತ್ತು. ಎರಡು ಗಾಜಿನ ಲೋಟಗಳಲ್ಲಿ ನೀರು ತಂದಿಟ್ಟೆ. ಹತ್ತು ವರ್ಷಗಳಿಂದ ಉಳುಮೆ ಕಡಿಮೆ ಮಾಡಿ, ಹೊದಿಕೆ ಹಾಕಿ ಕಾಪಾಡಿಕೊಂಡು ಬಂದ ನೆಲದಿಂದ ಒಂದು ಒಣ ಹೆಂಟೆ ತಂದೆ. ಹೊಸದಾಗಿ ಗುತ್ತಿಗೆಗೆ ಹಿಡಿದಿದ್ದ, ವರ್ಷಕ್ಕೆ ನಾಲ್ಕೈದು ಸಲ ಉತ್ತು ಬರಿದಾಗಿಸಿದ್ದ ತುಂಡಿನಿಂದ ಇನ್ನೊಂದು. ಎರಡನ್ನೂ ತಂತಿ ಜಾಲರಿಯ ಮೇಲಿಟ್ಟು ಒಟ್ಟಿಗೇ ನೀರಿಗೆ ಇಳಿಸಿದೆ.

ಗುತ್ತಿಗೆ ನೆಲದ ಹೆಂಟೆ ಬುಳುಬುಳು ಗುಳ್ಳೆ ಬಿಟ್ಟಿತು. ಒಂದು ಪಕ್ಕ ಜರಿಯಿತು, ಇನ್ನೊಂದು ಪಕ್ಕ ಜರಿಯಿತು, ಒಂದು ನಿಮಿಷದೊಳಗೆ ಲೋಟದ ತಳದಲ್ಲಿ ರಾಡಿ, ಮೇಲೆ ಟೀ ಬಣ್ಣದ ನೀರು. ಇನ್ನೊಂದು ಹೆಂಟೆಯಿಂದಲೂ ಸಣ್ಣ ಗುಳ್ಳೆಗಳು ಎದ್ದವು. ಆದರೆ ಅದು ಕೂತಲ್ಲೇ ಕೂತಿತ್ತು. ಅದರ ಮೈಯಿಂದ ಕೂದಲೆಳೆಯಂಥ ಬೇರುಗಳು ನೀರಿನಲ್ಲಿ ನಿಧಾನವಾಗಿ ಬಿಚ್ಚಿಕೊಂಡವು. ಅವರು ಬಗ್ಗಿ ಲೋಟಕ್ಕೆ ಕಣ್ಣು ಹತ್ತಿಸಿ ನೋಡಿದರು. ಬೇರು ಸುರಿಸುವ ಸಕ್ಕರೆಯನ್ನು ತಿಂದು ಬದುಕುವ ಶಿಲೀಂಧ್ರಗಳ ಎಳೆಗಳು, ಸೂಕ್ಷ್ಮಜೀವಿಗಳ ಅಂಟು, ಎರೆಹುಳದ ಹಿಕ್ಕೆ ಎಲ್ಲ ಸೇರಿ ಮಣ್ಣಿನ ಕಣಗಳನ್ನು ಹಿಡಿದಿಟ್ಟಿವೆ ಎಂದೆ. ಈ ಹಿಡಿತವಿದ್ದರೆ ಮಳೆಯ ನೀರು ಒಳಗಿಳಿಯುತ್ತದೆ, ಇಲ್ಲದಿದ್ದರೆ ಮೇಲ್ಮಣ್ಣನ್ನೇ ಹೊತ್ತುಕೊಂಡು ಹೋಗುತ್ತದೆ ಎಂದೆ. ಹತ್ತು ನಿಮಿಷ ಇಬ್ಬರೂ ಲೋಟಗಳ ಮುಂದೆ ಕುಳಿತಿದ್ದೆವು. ಆಮೇಲೆ ಅವರು ತಲೆಯೆತ್ತಿ ಕೇಳಿದರು: 'ಅದೆಲ್ಲ ಸರಿ, ಹುಳಕ್ಕೆ ಏನು ಹೊಡೆಯುತ್ತೀರಿ?'

ನನಗೆ ಸಿಟ್ಟು ಬಂತು. ಲೋಟ ತೊಳೆಯುವ ನೆಪದಲ್ಲಿ ಒಳಗೆ ಹೋದೆ. ಈಗ ಯೋಚಿಸಿದರೆ ತಪ್ಪು ನನ್ನದೂ ಹೌದು. ಮಣ್ಣಿಗೂ ಹುಳಕ್ಕೂ ಏನು ಸಂಬಂಧ ಎಂದು ನಾನು ಹೇಳಿರಲೇ ಇಲ್ಲ. ಈಗ ಹೇಳುತ್ತೇನೆ.

ಯೂರಿಯಾ ಹೆಚ್ಚು ಸುರಿದ ಗಿಡ ಕಡುಹಸಿರಾಗಿ, ಮೆತ್ತಗೆ, ರಸ ತುಂಬಿಕೊಂಡು ಬೆಳೆಯುತ್ತದೆ. ಗಿಡದ ರಸ ಹೀರುವ ಸಸ್ಯಹೇನಿಗೆ ಅದಕ್ಕಿಂತ ಒಳ್ಳೆಯ ಊಟವಿಲ್ಲ. ಹೇನು ಬಂತೆಂದು ವಿಷ ಹೊಡೆಯುತ್ತೇವೆ. ಹೇನಿನ ಜೊತೆಗೆ ಜೇಡ, ಗುಲಗಂಜಿ ಹುಳ, ಪರಾವಲಂಬಿ ಕಣಜ ಎಲ್ಲವೂ ಸಾಯುತ್ತವೆ. ಹೇನು ವಾರದಲ್ಲಿ ಮರಿ ಹಾಕಿ ಮತ್ತೆ ಏಳುತ್ತದೆ, ಅದನ್ನು ತಿನ್ನುವವು ಅಷ್ಟು ಬೇಗ ಏಳುವುದಿಲ್ಲ. ಮುಂದಿನ ಸಲ ಎಲೆಯನ್ನು ಮಗುಚಿ ನೋಡಿ. ಹೇನುಗಳ ನಡುವೆ ಊದಿಕೊಂಡು ಕಂಚಿನ ಬಣ್ಣಕ್ಕೆ ತಿರುಗಿದ, ಅಲುಗಾಡದ ಒಂದೆರಡು ಸಿಗುತ್ತವೆ. ಅವುಗಳ ಬೆನ್ನಿನಲ್ಲಿ ಸೂಜಿಯಿಂದ ಕೊರೆದಂಥ ದುಂಡನೆಯ ತೂತು ಇದ್ದರೆ, ಒಳಗೆ ಬೆಳೆದ ಕಣಜ ಹೇನನ್ನು ತಿಂದು ಮುಗಿಸಿ ಹೊರಗೆ ಹಾರಿಹೋಗಿದೆ ಎಂದರ್ಥ. ಅಂಥವು ಕಾಣುತ್ತಿದ್ದರೆ ದಯವಿಟ್ಟು ನಾಲ್ಕು ದಿನ ಕಾಯಿರಿ. ನಿಮ್ಮ ಕೆಲಸವನ್ನು ಬೇರೆಯವರು ಮಾಡುತ್ತಿದ್ದಾರೆ.

ಇಂಡೋನೇಷ್ಯಾ ಇದನ್ನು ದೇಶದ ಮಟ್ಟದಲ್ಲಿ ಕಲಿಯಿತು. ಕಂದು ಜಿಗಿಹುಳ ಭತ್ತವನ್ನು ಸುಟ್ಟಂತೆ ಒಣಗಿಸುತ್ತಿತ್ತು, ಹೊಡೆದಷ್ಟೂ ಹೆಚ್ಚುತ್ತಿತ್ತು. ಅದರ ಮೊಟ್ಟೆಗಳು ಗಿಡದ ಒಳಗೆ ಸುರಕ್ಷಿತವಾಗಿದ್ದವು, ಸಾಯುತ್ತಿದ್ದುದು ಹೊರಗಿದ್ದ ಜೇಡಗಳು. 1986ರಲ್ಲಿ ಸರ್ಕಾರ ಭತ್ತಕ್ಕೆ 57 ಕೀಟನಾಶಕಗಳನ್ನು ನಿಷೇಧಿಸಿತು, ಕೀಟನಾಶಕದ ಸಬ್ಸಿಡಿಯನ್ನೂ ಹಂತಹಂತವಾಗಿ ತೆಗೆಯಿತು. 1989ರಿಂದ ರೈತರಿಗೆ ಗದ್ದೆಯಲ್ಲೇ ಪಾಠಶಾಲೆ ನಡೆಸಿ ಹುಳಗಳನ್ನು ಗುರುತಿಸುವುದನ್ನು ಕಲಿಸಿತು. ಭತ್ತದ ಇಳುವರಿ ಬೀಳಲಿಲ್ಲ.

ಇಷ್ಟು ಹೇಳುವಷ್ಟರಲ್ಲಿ ಯಾರಾದರೂ ಒಬ್ಬರು 'ಶ್ರೀಲಂಕಾದಲ್ಲಿ ಏನಾಯಿತು ನೋಡಿದಿರಲ್ಲ?' ಎನ್ನುತ್ತಾರೆ. ನೋಡಿದೆ. 2021ರಲ್ಲಿ ಅಲ್ಲಿ ರಾಸಾಯನಿಕ ಗೊಬ್ಬರ, ಕೀಟನಾಶಕಗಳ ಆಮದನ್ನು ಏಕಾಏಕಿ ನಿಲ್ಲಿಸಿದರು, ಅದೇ ವರ್ಷ ನವೆಂಬರಿನಲ್ಲಿ ಆದೇಶ ಹಿಂದಕ್ಕೆ ಪಡೆದರು. ಅಕ್ಕಿಯಲ್ಲಿ ಸ್ವಾವಲಂಬಿಯಾಗಿದ್ದ ದೇಶ ಅಕ್ಕಿಯನ್ನು ತರಿಸಿಕೊಳ್ಳಬೇಕಾಯಿತು. ಆ ರೈತರ ಸಂಕಟ ನನಗೆ ಚೆನ್ನಾಗಿ ಅರ್ಥವಾಗುತ್ತದೆ, ಏಕೆಂದರೆ ನಾನೂ ನನ್ನ ಹೊಲಕ್ಕೆ ಅಂಥದೇ ಆದೇಶ ಹೊರಡಿಸಿದ್ದೆ. ಮೊದಲ ವರ್ಷ ಗೊಬ್ಬರ, ವಿಷ ಎರಡನ್ನೂ ಒಂದೇ ದಿನ ಬಿಟ್ಟೆ. ನೆಲದಲ್ಲಿ ಜೀವವಿರಲಿಲ್ಲ, ಬದುಗಳಲ್ಲಿ ಹೂವಿರಲಿಲ್ಲ, ಕಣಜಗಳಿಗೆ ತಂಗಲು ಜಾಗವಿರಲಿಲ್ಲ. ಟೊಮೆಟೊ ಪೂರ್ತಿ ಹೋಯಿತು. ಗಿಡಗಳನ್ನು ಕಿತ್ತು ರಾಶಿ ಹಾಕಿದ ಆ ಸಂಜೆಯನ್ನು ಮರೆತಿಲ್ಲ.

ಹಾಗಾಗಿ ನನ್ನನ್ನು ಕೇಳಬೇಕಾದ ಪ್ರಶ್ನೆ ಬೇರೆ ಇದೆ: ಯಾವುದನ್ನು ಮೊದಲು ಬಿಡಬೇಕು? ಇದನ್ನು ಇಲ್ಲಿಯವರೆಗೆ ಇಬ್ಬರೇ ಕೇಳಿದ್ದಾರೆ, ಇಬ್ಬರಿಗೂ ಅರ್ಧ ದಿನ ಕೊಟ್ಟಿದ್ದೇನೆ. ಮೊದಲು ಬಿಡಬೇಕಾದದ್ದು ಬೆತ್ತಲೆ ನೆಲ. ಕಟಾವಾದ ಮೇಲೆ ಸುಡಬೇಡಿ, ಕಸಕಡ್ಡಿ ಅಲ್ಲೇ ಹಾಸಿರಲಿ, ಖಾಲಿ ಬಿಡುವ ತಿಂಗಳುಗಳಲ್ಲಿ ದ್ವಿದಳ ಧಾನ್ಯದ ಹೊದಿಕೆ ಬೆಳೆ ಹಾಕಿ. ಆಮೇಲೆ ಯೂರಿಯಾವನ್ನು ಸ್ವಲ್ಪ ಸ್ವಲ್ಪ ಇಳಿಸಿ. ಬದುವಿನಲ್ಲಿ ಹೂ ಬಿಡುವ ಗಿಡಗಳಿರಲಿ. ಮುಂಜಾಗ್ರತೆಯ ಸಿಂಪಡಣೆ ಬಿಡುವುದು ಇದರ ಜೊತೆಗೇ ಆಗಬೇಕು; ಬೀಜಕ್ಕೆ ಲೇಪಿಸಿ ಬರುವ ನಿಯೋನಿಕೋಟಿನಾಯ್ಡ್ ಎಂಬ ಗುಂಪಿನ ಕೀಟನಾಶಕವೂ ಅಂಥದೇ. ಆ ಲೇಪದಲ್ಲಿ ಗಿಡ ಹೀರಿಕೊಳ್ಳುವುದು ಶೇಕಡಾ 5ರ ಸುಮಾರು ಮಾತ್ರ, ಹೆಚ್ಚಿನದು ಸೇರುವುದು ಮಣ್ಣಿಗೆ. ಜೇನುನೊಣಗಳಿಗೆ ಅಪಾಯವೆಂದು ಯುರೋಪಿಯನ್ ಒಕ್ಕೂಟ 2018ರಲ್ಲಿ ಅಂಥ ಮೂರನ್ನು ಬಯಲಿನ ಬೆಳೆಗಳಿಂದ ದೂರವಿಟ್ಟಿತು.

ಕೊನೆಗೆ ಉಳಿಯುವುದು ಹುಳ ಕೈಮೀರಿದಾಗ ಹೊಡೆಯುವ ಒಂದು ಸುತ್ತು. ನಾಲ್ಕನೇ ವರ್ಷ ನಾನೂ ಹೊಡೆದಿದ್ದೇನೆ, ಒಂದು ಮೂಲೆಗೆ ಮಾತ್ರ, ಹಾಡಹಗಲೇ. ಮಣ್ಣಿಗೆ ಮತ್ತೆ ಜೀವ ತುಂಬುವ ಇಂಥ ಬೇಸಾಯಕ್ಕೆ ಪುನಶ್ಚೇತನ ಕೃಷಿ ಎಂಬ ಹೆಸರು ಈಗ ಎಲ್ಲರ ಬಾಯಲ್ಲಿದೆ. ಉಳುಮೆ ಬಿಟ್ಟು ಕಳೆನಾಶಕಕ್ಕೆ ಜೋತುಬಿದ್ದವರೂ ಅದನ್ನೇ ಹೇಳಿಕೊಳ್ಳುತ್ತಾರೆ. ಹೆಸರಿನ ಬಗ್ಗೆ ನನಗೆ ಹಟವಿಲ್ಲ, ಹೆಂಟೆ ನೀರಿನಲ್ಲಿ ನಿಲ್ಲಬೇಕು.

ಇಷ್ಟು ಓದಿಯೂ ಕೇಳಲೇಬೇಕು ಅನ್ನಿಸಿದರೆ ಬನ್ನಿ. ಬರುವಾಗ ನಿಮ್ಮ ಹೊಲದ ಒಂದು ಹೆಂಟೆ ತನ್ನಿ. ನೆರಳಿನಲ್ಲಿಟ್ಟು ಪೂರ್ತಿ ಒಣಗಿಸಿರಬೇಕು. ಹಸಿ ಹೆಂಟೆಯಾದರೆ ಬಡ ಮಣ್ಣೂ ಸ್ವಲ್ಪ ಹೊತ್ತು ನಿಂತುಬಿಡುತ್ತದೆ.