ಜಾಣನೂ ಅಲ್ಲ, ಪೆದ್ದನೂ ಅಲ್ಲ

ಇಂಗ್ಲಿಷಿನಿಂದ ಕನ್ನಡಕ್ಕೆ ಬಂದ ಅನುವಾದಗಳನ್ನು ಮೂಲದೊಂದಿಗೆ ಹೋಲಿಸಿ ತಿದ್ದುವುದು ನನ್ನ ಕೆಲಸ. ನಾನು ಕಣ್ಣಿಟ್ಟು ಕಾಯುವ ಪದಗಳಲ್ಲಿ ‘ಇನ್‌ಜೆನ್ಯುಅಸ್’ ಒಂದು. ಅದಕ್ಕೂ ‘ಇನ್‌ಜೀನಿಯಸ್’ಗೂ ಬರವಣಿಗೆಯಲ್ಲಿ ಒಂದೇ ಅಕ್ಷರದ ವ್ಯತ್ಯಾಸ: ಒಂದರಲ್ಲಿ ‘ಯು’, ಇನ್ನೊಂದರಲ್ಲಿ ‘ಐ’. ಅರ್ಥದಲ್ಲಿ ಮಾತ್ರ ಅಜಗಜಾಂತರ. ‘ಐ’ ಇರುವುದು ಉಪಾಯ ಬಲ್ಲ ಚತುರ, ‘ಯು’ ಇರುವುದು ಮನಸ್ಸಿನಲ್ಲಿದ್ದದ್ದನ್ನು ಮುಚ್ಚಿಡಲು ತಿಳಿಯದ ನಿಷ್ಕಪಟಿ.

ಈಚೆಗೆ ಒಂದು ಕಥೆಯ ಅನುವಾದ ನನ್ನ ಮೇಜಿಗೆ ಬಂದಿತ್ತು. ಹೂದಾನಿ ಒಡೆದವರು ಯಾರೆಂದು ತಂದೆ ಗದರುತ್ತಾನೆ. ‘ನಾನೇ ಒಡೆದೆ, ಬಿದ್ದರೆ ಎಂಥ ಸದ್ದಾಗುತ್ತದೆ ಎಂದು ಕೇಳಬೇಕಿತ್ತು’ ಎನ್ನುತ್ತಾನೆ ಮಗ. ಮೂಲದಲ್ಲಿ ಅದು ‘ಇನ್‌ಜೆನ್ಯುಅಸ್’ ಉತ್ತರ, ಅನುವಾದದಲ್ಲಿ ‘ಚಾಣಾಕ್ಷ’ ಉತ್ತರ. ಚಾಣಾಕ್ಷನಾಗಿದ್ದರೆ ಆ ಹುಡುಗ ತಪ್ಪನ್ನು ಬೆಕ್ಕಿನ ತಲೆಗೆ ಕಟ್ಟಿ ಪಾರಾಗುತ್ತಿದ್ದ! ಮುಂದಿನ ಪುಟದಲ್ಲಿ ತಂದೆಯ ಸಿಟ್ಟು ಇಳಿಯುವುದಕ್ಕೂ ಕಾರಣವೇ ಉಳಿಯಲಿಲ್ಲ. ‘ಹಾಗಾದರೆ ಪೆದ್ದು ಉತ್ತರ ಎನ್ನೋಣವೇ ಮೇಡಂ?’ ಎಂದು ಅನುವಾದಕಿ ಕೇಳಿದರು. ಅದೂ ಹೊಂದದು. ಲೋಕಾನುಭವ ಸಾಲದೆ ಮೋಸಹೋಗುವವರಿಗೆ ಇಂಗ್ಲಿಷಿನಲ್ಲಿ ‘ನಯೀವ್’ ಎಂಬ ಬೇರೆಯೇ ಪದವಿದೆ. ಈ ಹುಡುಗನಿಗೆ ಕೊರತೆ ತಿಳಿವಳಿಕೆಯದಲ್ಲ, ಮರೆಮಾಚುವ ಬುದ್ಧಿಯೇ ಅವನಲ್ಲಿಲ್ಲ. ಕೊನೆಗೆ ‘ಕಪಟವರಿಯದ ಉತ್ತರ’ ಎಂದು ಒಪ್ಪಿಕೊಂಡೆವು.

ಲ್ಯಾಟಿನ್ ಮೂಲದಲ್ಲಿ ‘ಇನ್‌ಜೆನ್ಯುಅಸ್’ ಪದಕ್ಕೆ ಗುಲಾಮನಲ್ಲದೆ ಸ್ವತಂತ್ರನಾಗಿ ಹುಟ್ಟಿದವನು ಎಂಬ ಅರ್ಥವಿತ್ತು. ಇಂಗ್ಲಿಷಿಗೆ ಬಂದ ಮೇಲೆ ಉದಾತ್ತ, ನೇರನುಡಿಯ ಎಂದಾಗಿ ಮುಗ್ಧತೆಯಲ್ಲಿ ಬಂದು ನಿಂತಿತು. 17ನೆಯ ಶತಮಾನದ ಲೇಖಕರು ಇದನ್ನೂ ‘ಇನ್‌ಜೀನಿಯಸ್’ ಪದವನ್ನೂ ಕಲಸಿಬಿಟ್ಟಿದ್ದರು. ಅದರ ಗುರುತು ಇಂದಿಗೂ ಇದೆ: ಜಾಣ್ಮೆ ಎಂಬ ಅರ್ಥದ ‘ಇನ್‌ಜೆನ್ಯೂಯಿಟಿ’ ಪದ ರೂಪದಲ್ಲಿ ನಿಷ್ಕಪಟಿಯ ಸ್ವತ್ತು, ಅರ್ಥದಲ್ಲಿ ಚತುರನ ಪಾಲು.

ನನ್ನನ್ನು ಹೆಚ್ಚು ಕಾಡುವುದು ‘ಇನ್‌ಜೆನ್ಯುಅಸ್’ನ ವಿರುದ್ಧಪದ ‘ಡಿಸ್‌ಇನ್‌ಜೆನ್ಯುಅಸ್’. ಸುದ್ದಿ, ವರದಿಗಳಲ್ಲಿ ಎದುರಾಗುವುದು ಹೆಚ್ಚಾಗಿ ಇದೇ. ‘ಅಪ್ರಾಮಾಣಿಕ’ ಎಂದು ಬರೆದು ಮುಂದೆ ಹೋಗುವವರೇ ಬಹಳ. ಆದರೆ ಲಂಚ ತಿನ್ನುವವನೂ ಅಪ್ರಾಮಾಣಿಕನೇ. ತಾನೇ ಸಹಿ ಹಾಕಿದ ಕಡತವನ್ನು ಮುಂದಿಟ್ಟಾಗ ‘ಹೌದೇ, ಹೀಗೂ ಇತ್ತೇ?’ ಎಂದು ಕಣ್ಣರಳಿಸುವ ಅಧಿಕಾರಿ ಇದ್ದಾನಲ್ಲ, ಈ ಪದ ಹೇಳುವುದು ಅವನ ವಿಷಯ. ಅಲ್ಲಿ ಸುಳ್ಳಿಗಿಂತ ಹೆಚ್ಚಾಗಿ ಮುಗ್ಧತೆಯ ಸೋಗಿದೆ. ಅದಕ್ಕೇ ನಾನು ‘ತಿಳಿದೂ ತಿಳಿಯದಂತೆ ನಟಿಸುವ’ ಎಂದು ತಿದ್ದುತ್ತೇನೆ. ಸಾಲು ಉದ್ದವಾಯಿತೆಂದು ಪುಟವಿನ್ಯಾಸದವರು ದೂರಿದರೆ ಬೇರೆಲ್ಲಾದರೂ ಎರಡು ಪದ ಕತ್ತರಿಸಿ ಕೊಡುತ್ತೇನೆ, ಇದನ್ನು ಬಿಟ್ಟುಕೊಡುವುದಿಲ್ಲ.