ಕಡಿಮೆ ದರವೇ ಕಟ್ಟುಪಾಡಾದಲ್ಲಿ ಜವಾಬ್ದಾರಿಯ ಖರೀದಿ ಸಾಧ್ಯವೇ?

ಸಾರ್ವಜನಿಕ ವಲಯದ ದೊಡ್ಡ ಕಂಪನಿಯೊಂದರ ಖರೀದಿ ವಿಭಾಗದಲ್ಲಿ ಬಹುಕಾಲ ಕೆಲಸ ಮಾಡಿ ನಿವೃತ್ತನಾದ ನಾನು ಈಗ ರಾಯಚೂರು, ಕೊಪ್ಪಳ, ಬಳ್ಳಾರಿಯ ಸಣ್ಣ ಉದ್ದಿಮೆದಾರರಿಗೆ ಟೆಂಡರ್ ಕಾಗದಪತ್ರ ಸಿದ್ಧಪಡಿಸಲು ನೆರವಾಗುತ್ತಿದ್ದೇನೆ. ಎಲ್ಲಿ ಹೋದರೂ ನನಗೆ ಎದುರಾಗುವ ಪ್ರಶ್ನೆ ಒಂದೇ. ಎಲ್ಲರಿಗಿಂತ ಕಡಿಮೆ ದರ ನಮೂದಿಸಿದವರಿಗೇ, ಅಂದರೆ ಎಲ್-1 ಆದವರಿಗೇ ಆರ್ಡರ್ ಕೊಡಬೇಕೆಂಬ ಕಟ್ಟುಪಾಡು ಇರುವಾಗ, ಪರಿಸರ ಮತ್ತು ಸಮಾಜದ ಹಿತ ನೋಡಿ ಖರೀದಿಸುತ್ತೇವೆ ಎಂದು ಈ ಕಂಪನಿಗಳು ಬರೆದುಕೊಳ್ಳುವುದಕ್ಕೆ ಅರ್ಥವಿದೆಯೇ? ಕಾಲೇಜು ವಿದ್ಯಾರ್ಥಿಗಳು ಇದನ್ನು ಕುತೂಹಲದಿಂದ ಕೇಳುತ್ತಾರೆ, ವೆಂಡರ್‌ಗಳು ಸಿಟ್ಟಿನಿಂದ ಕೇಳುತ್ತಾರೆ.

ಅರ್ಥವಿದೆ ಎಂಬುದೇ ನನ್ನ ಉತ್ತರ. ಎಲ್-1 ನಿಯಮವನ್ನು ದೂರುವವರು ಒಂದು ಸಂಗತಿಯನ್ನು ಮರೆಯುತ್ತಾರೆ: ದರಗಳ ಹೋಲಿಕೆ ನಡೆಯುವುದು ಕಟ್ಟಕಡೆಯ ಹಂತದಲ್ಲಿ. ಯಾವ ವಸ್ತು ಬೇಕು, ಅದು ಎಷ್ಟು ಕಾಲ ಬಾಳಬೇಕು, ಯಾರು ಬಿಡ್ ಹಾಕಲು ಅರ್ಹರು, ಮಾಲು ಒಪ್ಪಿಸಿದ ಎಷ್ಟು ದಿನಕ್ಕೆ ಹಣ ಸಿಗುತ್ತದೆ ಎಂಬುದೆಲ್ಲ ಟೆಂಡರ್ ಪ್ರಕಟವಾಗುವ ಮೊದಲೇ, ಇಂಡೆಂಟ್ (ಬೇಕಾದ ಮಾಲಿನ ಬೇಡಿಕೆ ಪತ್ರ) ಬರೆಯುವವನ ಮೇಜಿನ ಮೇಲೆ ತೀರ್ಮಾನವಾಗಿರುತ್ತದೆ. ಅಲ್ಲಿ ಬರೆಯದಿದ್ದುದನ್ನು ದರಪಟ್ಟಿ ತೆರೆದ ಮೇಲೆ ಬೇಡಲು ಆಗುವುದಿಲ್ಲ. ಅಲ್ಲಿ ಬರೆದದ್ದನ್ನು ಎಲ್-1 ಆದವನೂ ತಪ್ಪಿಸಿಕೊಳ್ಳಲಾರ.

ಸುರಕ್ಷತಾ ಬೂಟುಗಳನ್ನೇ ನೋಡೋಣ. ಇವಕ್ಕೆ ಐಎಸ್ 15298 ಎಂಬ ಭಾರತೀಯ ಮಾನಕವಿದೆ. ಅದನ್ನು ನಮೂದಿಸಿದರೆ ತೀರಾ ಕಳಪೆ ಮಾಲು ಬರುವುದಿಲ್ಲ. ಆದರೆ ಇಂಡೆಂಟಿನಲ್ಲಿ ಅಳತೆಗಳ ಕಾಲಂ ಒಂದಿರುತ್ತದೆ, ಅದನ್ನು ಯಾರೂ ಗಮನವಿಟ್ಟು ನೋಡುವುದಿಲ್ಲ. ಹಿಂದಿನ ಆರ್ಡರಿನಿಂದ ನಕಲು ಮಾಡಿದ 7ರಿಂದ 10ರವರೆಗಿನ ಅಳತೆಗಳೇ ಅಲ್ಲಿ ಮರುಕಳಿಸುತ್ತವೆ. ಕಸ ಗುಡಿಸುವ, ಕನ್ವೇಯರ್ ಕೆಳಗೆ ಚೆಲ್ಲಿದ ಪುಡಿ ಬಳಿಯುವ ಗುತ್ತಿಗೆ ಕಾರ್ಮಿಕರಲ್ಲಿ ಹೆಣ್ಣುಮಕ್ಕಳೇ ಹೆಚ್ಚಿರುವ ಕಡೆ ಅವರ ಪಾದಕ್ಕೆ ಬೇಕಾದ್ದು 4 ಅಥವಾ 5. ದೊಡ್ಡ ಬೂಟಿನೊಳಗೆ ಬಟ್ಟೆ ತುರುಕಿಕೊಂಡು ನಡೆಯುವವರನ್ನೂ, ಬೂಟನ್ನು ಮನೆಯಲ್ಲಿಟ್ಟು ಹವಾಯಿ ಚಪ್ಪಲಿಯಲ್ಲೇ ಕೆಲಸಕ್ಕೆ ಬರುವವರನ್ನೂ ನಾನು ಕಂಡಿದ್ದೇನೆ. ಕಾಲಮ್ಮಿನಲ್ಲಿ ಎರಡು ಅಂಕಿ ಸೇರಿಸುವುದರಿಂದ ದರ ಹೆಚ್ಚುವುದಿಲ್ಲ, ಆಡಿಟ್ ಆಕ್ಷೇಪಣೆಯೂ ಬರುವುದಿಲ್ಲ.

ಸಮವಸ್ತ್ರದ ವಿಷಯ ಇನ್ನಷ್ಟು ಸೂಕ್ಷ್ಮವಾದದ್ದು. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಕೈಗಳಿಗೆ ಕೊರತೆಯಿಲ್ಲ. ಹಾಗಿದ್ದೂ ಬಟ್ಟೆ ಮತ್ತು ಹೊಲಿಗೆ ಎರಡನ್ನೂ ಒಂದೇ ಐಟಂ ಮಾಡಿ, ಕಳೆದ ಮೂರು ವರ್ಷ ಕೋಟಿಗಟ್ಟಲೆ ವಹಿವಾಟು ಇರಬೇಕೆಂದು ಷರತ್ತು ಹಾಕಿದರೆ ಸ್ಥಳೀಯ ಘಟಕಗಳು ಬಾಗಿಲಲ್ಲೇ ಉಳಿಯುತ್ತವೆ. ಮೇಲಧಿಕಾರಿಯ ಮಂಜೂರಾತಿ ತಪ್ಪಿಸಲು ಒಂದು ಖರೀದಿಯನ್ನು ತುಂಡರಿಸುವುದು ನಿಯಮಬಾಹಿರ, ಅದರಲ್ಲಿ ಸಂಶಯವಿಲ್ಲ. ಆದರೆ ಒಂದೇ ಟೆಂಡರಿನೊಳಗೆ ಬಟ್ಟೆಗೊಂದು, ಹೊಲಿಗೆಗೊಂದು ಶೆಡ್ಯೂಲ್ ಮಾಡಿ ಪ್ರತ್ಯೇಕವಾಗಿ ಎಲ್-1 ನಿರ್ಧರಿಸಲು ಅಡ್ಡಿಯಿಲ್ಲ. ಸ್ಥಳೀಯ ಎಂಬ ಒಂದೇ ಕಾರಣಕ್ಕೆ ಎಲ್ಲವನ್ನೂ ಒಪ್ಪಬೇಕೆಂದು ನಾನು ಹೇಳುತ್ತಿಲ್ಲ. ಬಟ್ಟೆಗೆ ಬಣ್ಣ ಹಾಕಿ ತೊಳೆದ ನೀರು ಎಲ್ಲಿಗೆ ಹೋಗುತ್ತದೆ, ಆ ಘಟಕಕ್ಕೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರ ಇದೆಯೇ ಎಂಬುದನ್ನು ತಾಂತ್ರಿಕ ಬಿಡ್‌ನಲ್ಲೇ ಕೇಳಬೇಕು, ಬಳ್ಳಾರಿಯವರನ್ನೂ ಕೇಳಬೇಕು.

ಪರಿಸರದ ಹೆಸರಿನಲ್ಲಿ ಹೆಚ್ಚು ಹಣ ತೆರಬೇಕಾಗುತ್ತದೆ ಎಂಬ ನಂಬಿಕೆ ನಮ್ಮ ಭಾಗದಲ್ಲಿ ಅಷ್ಟಾಗಿ ನಿಲ್ಲುವುದಿಲ್ಲ, ಅದಕ್ಕೆ ಕಲ್ಲಿದ್ದಲು ಉರಿದು ಉಳಿಯುವ, ಇಟ್ಟಿಗೆ ಮಾಡಲೂ ಬರುವ ಹಾರುಬೂದಿಯೇ ಸಾಕ್ಷಿ. ಶಕ್ತಿನಗರದ ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ 1985ರಲ್ಲಿ ಆರಂಭವಾಯಿತು. ಎಂಟು ಘಟಕಗಳ ಒಟ್ಟು ಸಾಮರ್ಥ್ಯ 1720 ಮೆಗಾವಾಟ್. ಯರಮರಸ್ ಮತ್ತು ಕುಡತಿನಿಯ ಸ್ಥಾವರಗಳು ಬೇರೆ ಇವೆ. ಇಟ್ಟಿಗೆಗಾಗಿ ಹೊಲದ ಮೇಲ್ಮಣ್ಣು ಅಗೆಯುವುದನ್ನು ತಡೆಯಲೆಂದು ಕೇಂದ್ರ ಪರಿಸರ ಸಚಿವಾಲಯ 1999ರಲ್ಲೇ ಅಧಿಸೂಚನೆ ಹೊರಡಿಸಿ, ಸ್ಥಾವರದಿಂದ 50 ಕಿಲೋಮೀಟರ್ ಒಳಗೆ ಬೂದಿ ಬಳಕೆಯನ್ನು ಕಡ್ಡಾಯ ಮಾಡಿತು. ಆ ಅಂತರ 2003ರಲ್ಲಿ 100, 2016ರಲ್ಲಿ 300 ಕಿಲೋಮೀಟರ್ ಆಯಿತು. 2021ರ ಡಿಸೆಂಬರ್ 31ರ ಅಧಿಸೂಚನೆಯೂ 300 ಕಿಲೋಮೀಟರನ್ನೇ ಉಳಿಸಿಕೊಂಡಿದೆ. ಬೂದಿ ಉತ್ಪನ್ನದ ಬೆಲೆ ಪರ್ಯಾಯ ಸಾಮಗ್ರಿಯದ್ದಕ್ಕಿಂತ ಹೆಚ್ಚಿರಬಾರದು ಎಂಬ ಷರತ್ತು ಅದರಲ್ಲಿದೆ. ಹೀಗಾಗಿ ನಮ್ಮ ಮೂರೂ ಜಿಲ್ಲೆಗಳು ಈ ವ್ಯಾಪ್ತಿಯೊಳಗೇ ಬರುತ್ತವೆ, ಖರೀದಿದಾರನಿಗೆ ದುಬಾರಿಯಾಗುವ ಪ್ರಶ್ನೆಯೂ ಏಳುವುದಿಲ್ಲ. ಆದರೂ ಕಾಂಪೌಂಡ್ ಗೋಡೆಯ ಅಂದಾಜುಪಟ್ಟಿಯಲ್ಲಿ ‘ಸುಟ್ಟ ಕೆಂಪು ಇಟ್ಟಿಗೆ’ ಎಂದೇ ಬರೆಯುವ ಎಂಜಿನಿಯರುಗಳು ಇದ್ದಾರೆ. ಹಳೆಯ ಪಟ್ಟಿಯಲ್ಲಿ ಹಾಗೆ ಇತ್ತು ಎಂಬುದರ ಹೊರತು ಅವರ ಬಳಿ ಬೇರೆ ಕಾರಣವಿರುವುದಿಲ್ಲ.

ಇದೇ ಬೂದಿಯ ಮೂಲಕ್ಕೆ ಹೋದರೆ ಕಲ್ಲಿದ್ದಲಿನ ಖರೀದಿ ಸಿಗುತ್ತದೆ. ಶೇಕಡಾ 40ರಷ್ಟು ಬೂದಿ ಇರುವ ಕಲ್ಲಿದ್ದಲನ್ನು 100 ಟನ್ ತರಿಸಿದವನು 40 ಟನ್ ಬೂದಿಗೂ ಸೇರಿಸಿಯೇ ರೈಲ್ವೆಗೆ ಸಾಗಣೆ ವೆಚ್ಚ ಕೊಟ್ಟಿರುತ್ತಾನೆ, ಆಮೇಲೆ ಅದನ್ನು ಇಡಲು ಜಾಗವನ್ನೂ ಹುಡುಕುತ್ತಾನೆ. ಗಣಿಯಿಂದ ದೂರವಿರುವ ಸ್ಥಾವರಗಳು ಶೇಕಡಾ 34ಕ್ಕಿಂತ ಹೆಚ್ಚು ಬೂದಿಯ ಕಲ್ಲಿದ್ದಲು ಬಳಸಬಾರದೆಂಬ ನಿಯಮ 1997ರಲ್ಲಿ ಬಂದು 2014ರಲ್ಲಿ ಇನ್ನಷ್ಟು ಬಿಗಿಯಾಗಿತ್ತು, 2020ರಲ್ಲಿ ಅದನ್ನು ಕೈಬಿಡಲಾಯಿತು. ನಿಯಮ ಹೋದ ಮಾತ್ರಕ್ಕೆ ಲೆಕ್ಕಾಚಾರ ಬದಲಾಗುವುದಿಲ್ಲ. ಟನ್ನಿನ ದರದ ಬದಲು ಸ್ಥಾವರಕ್ಕೆ ತಲುಪಿದ ಶಾಖಾಂಶಕ್ಕೆ ಬೀಳುವ ವೆಚ್ಚವನ್ನೂ ಬೂದಿ ವಿಲೇವಾರಿಯ ಖರ್ಚನ್ನೂ ಕೂಡಿಸಿ ನೋಡುವ ಖರೀದಿದಾರನಿಗೆ ಇಂದಿಗೂ ಯಾರ ಅಡ್ಡಿಯೂ ಇಲ್ಲ.

ಮಾಲು ಎಲ್ಲಿಂದ ಬಂತೆಂದು ಕೇಳದೆ ಕೊಳ್ಳುವುದರ ಫಲವನ್ನು ಬಳ್ಳಾರಿಯವರಿಗೆ ನಾನು ವಿವರಿಸಬೇಕಾಗಿಲ್ಲ. ಸುಪ್ರೀಂ ಕೋರ್ಟು 2011ರ ಜುಲೈ 29ರಂದು ಜಿಲ್ಲೆಯ ಕಬ್ಬಿಣದ ಅದಿರು ಗಣಿಗಾರಿಕೆಯನ್ನು ನಿಲ್ಲಿಸಿ, ಮುಂದೆ ಅದಿರಿನ ಮಾರಾಟವನ್ನು ಉಸ್ತುವಾರಿ ಸಮಿತಿಯ ಇ-ಹರಾಜಿಗೆ ಒಪ್ಪಿಸಿತು. 2022ರವರೆಗೂ ಅದೇ ವ್ಯವಸ್ಥೆ ನಡೆಯಿತು. ಪರ್ಮಿಟ್ ಇಲ್ಲದೆ ಅಗೆದವರ ಬಗ್ಗೆ ಆಗ ಬಹಳ ಮಾತು ನಡೆಯಿತು. ಕೊಳ್ಳುವವರು ಇಲ್ಲದಿದ್ದರೆ ಅಗೆಯುವವರೂ ಇರುತ್ತಿರಲಿಲ್ಲ ಎಂಬುದನ್ನು ಆಡಿದವರು ಕಡಿಮೆ.

ವಸ್ತುಗಳಲ್ಲಿ ಇಷ್ಟು ಸಾಧ್ಯವಾದರೂ ಮಾನವಶಕ್ತಿ ಪೂರೈಕೆಯ ಟೆಂಡರಿನಲ್ಲಿ ಎಲ್-1 ನಿಯಮ ನಿಜಕ್ಕೂ ಕೆಡುತ್ತದೆ, ಇದನ್ನು ಒಪ್ಪಲೇಬೇಕು. ಕನಿಷ್ಠ ವೇತನ, ಪಿಎಫ್, ಇಎಸ್‌ಐ ಎಲ್ಲವೂ ಕಾನೂನಿನಂತೆ ನಿಗದಿಯಾಗಿರುವುದರಿಂದ ಬಿಡ್‌ದಾರರ ನಡುವೆ ಪೈಪೋಟಿಗೆ ಉಳಿಯುವುದು ಗುತ್ತಿಗೆದಾರನ ಸೇವಾ ಶುಲ್ಕ ಮಾತ್ರ. ಅದನ್ನು ಸೊನ್ನೆಯ ಹತ್ತಿರಕ್ಕೆ ಇಳಿಸಿದವನು ಗೆಲ್ಲುತ್ತಾನೆ. ಲಾಭವಿಲ್ಲದೆ ದುಡಿಯುವ ಗುತ್ತಿಗೆದಾರ ಯಾವ ಊರಿನಲ್ಲೂ ಇಲ್ಲವಾದ್ದರಿಂದ, ಅವನ ಲಾಭ ಕಾರ್ಮಿಕನ ಪಗಾರದಿಂದಲೇ ಬರುತ್ತದೆ: ಬ್ಯಾಂಕಿಗೆ ಪೂರ್ತಿ ಹಣ ಜಮಾ ಆಗುತ್ತದೆ, ಎಟಿಎಂ ಕಾರ್ಡು ಮಾತ್ರ ಮೇಸ್ತ್ರಿಯ ಜೇಬಿನಲ್ಲಿರುತ್ತದೆ. ಸೇವಾ ಶುಲ್ಕಕ್ಕೆ ಕನಿಷ್ಠ ಮಿತಿ ಹಾಕುವುದು, ಹಿಂದಿನ ತಿಂಗಳ ಪಿಎಫ್ ಚಲನ್‌ನಲ್ಲಿ ಕಾರ್ಮಿಕರ ಹೆಸರುಗಳನ್ನು ಹಾಜರಿ ಪುಸ್ತಕದೊಂದಿಗೆ ತಾಳೆ ನೋಡಿದ ಮೇಲೆಯೇ ಬಿಲ್ ಪಾಸು ಮಾಡುವುದು, ಆಗಾಗ ಗೇಟಿನ ಹೊರಗೆ ನಿಂತು ಕಾರ್ಮಿಕರನ್ನೇ ವಿಚಾರಿಸುವುದು, ಇವಿಷ್ಟೂ ಖರೀದಿ ವಿಭಾಗದ ಕೆಲಸವೆಂದೇ ನಾನು ಭಾವಿಸುತ್ತೇನೆ. ನನ್ನ ಹಳೆಯ ಸಹೋದ್ಯೋಗಿಗಳಲ್ಲಿ ಹಲವರು ಇದನ್ನು ಒಪ್ಪುವುದಿಲ್ಲ.

ಸಣ್ಣ ಉದ್ದಿಮೆಗಳಿಗೆ ಕಾನೂನಿನ ಬೆಂಬಲ ಸಾಕಷ್ಟಿದೆ. ಕೇಂದ್ರ ಸರ್ಕಾರದ ಕಂಪನಿಗಳು ತಮ್ಮ ವಾರ್ಷಿಕ ಖರೀದಿಯ ಶೇಕಡಾ 25ನ್ನು ಅತಿಸಣ್ಣ ಮತ್ತು ಸಣ್ಣ ಉದ್ದಿಮೆಗಳಿಂದ ಮಾಡಬೇಕು; ಅದರೊಳಗೆ ಶೇಕಡಾ 4 ಪರಿಶಿಷ್ಟ ಜಾತಿ, ಪಂಗಡದವರ ಹಾಗೂ ಶೇಕಡಾ 3 ಮಹಿಳೆಯರ ಉದ್ದಿಮೆಗಳಿಗೆ ಮೀಸಲು. 2012ರ ಆದೇಶದಲ್ಲಿ ಶೇಕಡಾ 20 ಇದ್ದದ್ದನ್ನು 2018ರಲ್ಲಿ ಹೀಗೆ ಏರಿಸಲಾಯಿತು. ದೊಡ್ಡ ಕಂಪನಿಯೊಂದು 100 ರೂಪಾಯಿಗೆ ಎಲ್-1 ಆಗಿ, ಸಣ್ಣ ಘಟಕವೊಂದು 112 ರೂಪಾಯಿ ನಮೂದಿಸಿದ್ದರೆ, ಶೇಕಡಾ 15ರ ಅಂತರದೊಳಗೆ ಇರುವ ಕಾರಣ 100 ರೂಪಾಯಿಗೆ ಇಳಿಯಲು ಒಪ್ಪಿದರೆ ಆ ಘಟಕಕ್ಕೂ ಪಾಲು ದೊರೆಯುತ್ತದೆ. ತಾನೇ ತಯಾರಿಸದೆ ಬೆಂಗಳೂರಿನಿಂದ ತಂದು ಮಾರುವ ವ್ಯಾಪಾರಿಗೆ ಈ ಸೌಲಭ್ಯವಿಲ್ಲ, ಈ ಬಗ್ಗೆ ನನ್ನೊಡನೆ ಜಗಳ ಕಾಯುವವರೇ ಹೆಚ್ಚು.

ಇಷ್ಟೆಲ್ಲ ಹೇಳಿದ ಮೇಲೆ ರಾಯಚೂರಿನ ವೆಂಡರ್ ಒಬ್ಬರು ಕೇಳಿದ್ದು ಹೀಗೆ: “ಪಾಲಿಸಿ ಎಲ್ಲಾ ಛಲೋ ಅದರಿ ಸರ್, ಬಿಲ್ ಯಾವಾಗ ಪಾಸಾಗ್ತದ ಅದನ್ನ ಹೇಳ್ರಿ.” ಇಡೀ ವಿಷಯದಲ್ಲಿ ಇದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿಲ್ಲ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಮಾಲು ಸ್ವೀಕರಿಸಿದ 45 ದಿನಗಳೊಳಗೆ ಹಣ ಕೊಡಲೇಬೇಕು, ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕು. ಇದನ್ನು ತಪ್ಪಿಸಲು ಸ್ಟೋರ್ಸ್‌ನಲ್ಲಿ ಮಾಲನ್ನು ‘ತಪಾಸಣೆ ಬಾಕಿ’ ಎಂಬ ಚೀಟಿ ಅಂಟಿಸಿ ವಾರಗಟ್ಟಲೆ ಇಡುವ ಪರಿಪಾಠ ಎಲ್ಲೆಡೆ ಇದೆ. ಆದರೆ 15 ದಿನಗಳೊಳಗೆ ಲಿಖಿತ ಆಕ್ಷೇಪಣೆ ಕೊಡದಿದ್ದರೆ, ಮಾಲು ಒಪ್ಪಿಸಿದ ದಿನವೇ ಅದನ್ನು ಸ್ವೀಕರಿಸಿದಂತೆ ಎಂದು ಅದೇ ಕಾಯ್ದೆ ಹೇಳುತ್ತದೆ. ಬಡ್ಡಿ ಕೇಳಿದರೆ ಮುಂದಿನ ಆರ್ಡರ್ ಸಿಗದು ಎಂಬ ಭಯದಿಂದ ಯಾರೂ ಬಾಯಿ ಬಿಡುವುದಿಲ್ಲ ಅಷ್ಟೇ. ದೀಪಾವಳಿಗೆ ಕಿನ್ನಾಳದ ಗೊಂಬೆಗಳನ್ನು ಕೊಂಡು ಅತಿಥಿಗಳಿಗೆ ಹಂಚಿ, ಕರಕುಶಲ ಕಲೆಗೆ ಪ್ರೋತ್ಸಾಹ ಎಂದು ಫೋಟೋ ಪ್ರಕಟಿಸುವ ಕಂಪನಿಯೂ ಆ ಗೊಂಬೆಗಳ ಬಿಲ್ಲನ್ನು ಯುಗಾದಿಯವರೆಗೆ ಎಳೆದರೆ ಅದು ಪ್ರೋತ್ಸಾಹವಲ್ಲ, ಕಲಾವಿದನಿಂದ ಪಡೆದ ಬಡ್ಡಿಯಿಲ್ಲದ ಸಾಲ.

ಹಾಗಾದರೆ ಯಾವ ಕಂಪನಿ ಹೇಳಿದಂತೆ ನಡೆಯುತ್ತಿದೆ ಎಂದು ಹೊರಗಿನವರು ತಿಳಿಯುವುದು ಹೇಗೆ? ಷೇರುಪೇಟೆಯ ಮೊದಲ 1000 ಕಂಪನಿಗಳು 2022-23ರಿಂದ ಷೇರುಪೇಟೆಯ ನಿಯಂತ್ರಕ ಸೆಬಿಯ ನಮೂನೆಯಲ್ಲಿ ಹೊಣೆಗಾರಿಕೆ ವರದಿ ಪ್ರಕಟಿಸುವುದು ಕಡ್ಡಾಯವಾಗಿದ್ದು, ಸಣ್ಣ ಉತ್ಪಾದಕರಿಂದ ಕೊಂಡ ಪ್ರಮಾಣವನ್ನು ಅದರಲ್ಲಿ ತಿಳಿಸಬೇಕು. ದೋಣಿಮಲೆಯಲ್ಲಿ ಗಣಿ ನಡೆಸುವ ಎನ್‌ಎಂಡಿಸಿ ಷೇರುಪೇಟೆಯಲ್ಲಿರುವ ಕಂಪನಿ. ಹಟ್ಟಿ ಚಿನ್ನದ ಗಣಿ ಕಂಪನಿ, ಶಕ್ತಿನಗರವನ್ನು ನಡೆಸುವ ಕರ್ನಾಟಕ ವಿದ್ಯುತ್ ನಿಗಮ ಷೇರುಪೇಟೆಯಲ್ಲಿಲ್ಲದ ಕಾರಣ ಆ ಕಡ್ಡಾಯ ಅವಕ್ಕೆ ತಾಗುವುದಿಲ್ಲ. ಆದರೆ ಕಂಪನಿ ಕಾಯ್ದೆಯಂತೆ ಎಲ್ಲ ಕಂಪನಿಗಳ ಬ್ಯಾಲೆನ್ಸ್ ಶೀಟಿನಲ್ಲೂ ಸಣ್ಣ ಉದ್ದಿಮೆಗಳಿಗೆ ಕೊಡಬೇಕಾದ ಬಾಕಿಯನ್ನು ಬೇರೆಯಾಗಿ, ಒಂದು ವರ್ಷದೊಳಗಿನದ್ದು, ಅದನ್ನು ಮೀರಿದ್ದು ಎಂದು ವಿಂಗಡಿಸಿ ತೋರಿಸಬೇಕು. ಹೊಸ ಕಂಪನಿಯ ಟೆಂಡರ್ ಹಾಕಲು ಬಂದವರಿಗೆ ನಾನು ಮೊದಲು ತೆಗೆದು ತೋರಿಸುವುದು ಆ ಪುಟವನ್ನೇ. ವರ್ಷ ಮೀರಿದ ಬಾಕಿ ಅಲ್ಲಿ ಕಂಡರೆ, ಅಷ್ಟು ಕಾಲದ ಬಡ್ಡಿಯನ್ನೂ ಲೆಕ್ಕ ಹಾಕಿ ದರಕ್ಕೆ ಸೇರಿಸಿಕೊಳ್ಳಿರಿ ಎನ್ನುತ್ತೇನೆ, ಅನುಭವಸ್ಥ ವೆಂಡರ್‌ಗಳು ನಾನು ಹೇಳುವ ಮೊದಲೇ ಸೇರಿಸಿಕೊಂಡಿರುತ್ತಾರೆ.